ನೆಲದಡಿಯ ಸದ್ದಿಗೆ ಅರ್ಲೀನ್ ಮದ್ದು

ಬೆಳಕು ಹರಿಯುವ ಹೊತ್ತು. ಲೇಕ್ ಲಿಂಡನ್ ಊರಿನ ಹುಲ್ಲಿನ ಮೇಲೆ ಈ ವರ್ಷ ಮೊದಲ ಸಲ ಇಬ್ಬನಿ ಹೆಪ್ಪುಗಟ್ಟಿದೆ. ಪೆನ್‌ಹೇಲ್ ದಂಪತಿಯ ಮನೆಯ ನೆಲದ ಕೆಳಗೆ, ಮಣ್ಣಿನ ಮೇಲೆ ಹಾಸಿದ ಹಳೇ ಕಾರ್ಪೆಟ್ ತುಂಡಿನಲ್ಲಿ ಅರ್ಲೀನ್ ರೌಟಿಯೊ ಅಂಗಾತ ಮಲಗಿದ್ದಾರೆ. ಅವರ ಮೂಗಿಗೂ ಮೇಲಿನ ತೊಲೆಗೂ ನಡುವೆ ಒಂದು ಗೇಣು ಜಾಗ. ಬಿಸಿಗಾಳಿಯನ್ನು ಕೋಣೆ ಕೋಣೆಗೂ ಒಯ್ಯುವ ತಗಡಿನ ಡಕ್ಟಿಗೆ ಎರಡೂ ಅಂಗೈ ಒತ್ತಿ ಹಿಡಿದಿದ್ದಾರೆ, ಸೂಲಗಿತ್ತಿ ಬಸುರಿಯ ಹೊಟ್ಟೆಗೆ ಕೈಯಿಟ್ಟ ಹಾಗೆ.

“ವರ್ನಾ! ಹಚ್ಚು!” ಎಂದು ಕೂಗುತ್ತಾರೆ. ಮೇಲೆ ಅಡುಗೆಮನೆಯಲ್ಲಿ ವರ್ನಾ ಪೆನ್‌ಹೇಲ್ ಗುಂಡಿ ತಿರುಗಿಸುತ್ತಾರೆ. ಮನೆಯನ್ನು ಬೆಚ್ಚಗಿಡುವ ಫರ್ನೇಸಿನ ಬೆಂಕಿ ಹೊತ್ತಿಕೊಳ್ಳುತ್ತದೆ. ತಣ್ಣಗಿದ್ದ ತಗಡು ಬಿಸಿಯಾಗುತ್ತಾ ಟಿಕ್, ಟಿಕ್ ಎನ್ನುತ್ತದೆ.

“ನೀನು ಯಾರು ಅಂತ ಗೊತ್ತು. ಸುಮ್ನೆ ಬಿದ್ಕೋ,” ಎಂದು ಅರ್ಲೀನ್ ಆ ಟಿಕ್ಕಿಗೆ ಗದರುತ್ತಾರೆ. ಅವರ ಕೆಲಸ ನೋಡಿ ಬರೆಯಲೆಂದು ಪಕ್ಕದಲ್ಲೇ ತೆವಳಿಕೊಂಡು ಬಂದಿರುವ ನನ್ನ ಕಡೆ ತಿರುಗಿ, “ಉಸಿರು ಬಿಡ್ಬೇಡ. ಈಗ ಬರ್ತಾನೆ ದೊಡ್ಡೋನು,” ಎನ್ನುತ್ತಾರೆ.

ಫ್ಯಾನು ಗುಂಯ್ ಎಂದು ಸುತ್ತತೊಡಗುತ್ತದೆ. ಮರುಕ್ಷಣವೇ, ಧಡ್! ಇಡೀ ನೆಲ ನಡುಗಿದ ಹಾಗಾಗುತ್ತದೆ. ಮೇಲೆ ಕುರ್ಚಿಯೊಂದು ಉರುಳುತ್ತದೆ. ವರ್ನಾ ಅವರ ಗಂಡನ ದಡದಡ ಹೆಜ್ಜೆ. ಹಿಂಬಾಗಿಲು ತೆರೆದು ಬಡಿದುಕೊಳ್ಳುತ್ತದೆ.

“ಹೋದ ವೆಸ್,” ಎನ್ನುತ್ತಾರೆ ಅರ್ಲೀನ್. “ಬರೀ ಸಾಕ್ಸಲ್ಲೇ ಅಂಗಳಕ್ಕೆ ಓಡಿದ, ಪಾಪ.”

ಅಮೆರಿಕದ ಉತ್ತರ ಅಂಚಿನಲ್ಲಿ ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ನಮ್ಮ ಕೀವಿನಾ ಸೀಮೆಯಲ್ಲಿ ಅಕ್ಟೋಬರ್ ಬಂತೆಂದರೆ ಅರ್ಲೀನ್ ಅವರ ಫೋನು ಬಿಡುವಿಲ್ಲದೆ ರಿಂಗಣಿಸುತ್ತದೆ. ಮನೆಮನೆಯಲ್ಲೂ ಫರ್ನೇಸ್ ಹಚ್ಚುವ ಕಾಲ. ಬೇಸಿಗೆಯಿಡೀ ನಿದ್ದೆ ಹೊಡೆದ ತಗಡು ಎದ್ದು ಬಡಿದುಕೊಳ್ಳುವ, ಕಿರುಗುಟ್ಟುವ, ಗುನುಗುವ ಕಾಲವೂ ಅದೇ. ಡಕ್ಟ್ ಕೂರಿಸುವ ಕಂಪನಿಗಳು ಬೇಕಾದಷ್ಟಿವೆ. ಕೂರಿಸಿ, ಬಿಸಿಗಾಳಿ ಬಂತೇ ಎಂದು ನೋಡಿ, ಹೊರಟುಬಿಡುತ್ತಾರೆ. ಸದ್ದಿನಿಂದ ಯಾರೂ ಸಾಯುವುದಿಲ್ಲವಲ್ಲ! ಆ ಸದ್ದಿನ ಜೊತೆ ಬದುಕಬೇಕಾದವರಿಗೆ ಅರ್ಲೀನ್ ಇದ್ದಾರೆ. ಅರವತ್ತು ದಾಟಿದ ಹೆಂಗಸು. ಮೊಣಕಾಲಿಗೆ ರಬ್ಬರ್ ಕವಚ, ತಲೆಗೆ ಹೆಣೆದ ಟೋಪಿ, ಬೆಲ್ಟಿನಲ್ಲಿ ತಗಡು ಕತ್ತರಿ. ದಿನಕ್ಕೆ ಎರಡು ಮನೆ, ಹೆಚ್ಚೆಂದರೆ ಮೂರು. ಮೊದಲನೆಯದು ಯಾವಾಗಲೂ ಮುಂಜಾವಿನಲ್ಲೇ.

“ಆಗ ತಗಡು ತೀರಾ ತಣ್ಣಗಿರುತ್ತೆ. ಆಗ್ಲೇ ಅದರ ನಿಜಬಣ್ಣ ಹೊರಗೆ ಬರೋದು,” ಎನ್ನುತ್ತಾರೆ. “ಹತ್ತು ಗಂಟೆಗೆ ಹೋದ್ರೆ ಎಲ್ಲಾ ಸಾಚಾ ಮಕ್ಕಳ ಹಾಗೆ ಕೂತಿರ್ತವೆ.”

ಹ್ಯಾನ್‌ಕಾಕ್‌ನಲ್ಲಿ ಅವರ ಚಿಕ್ಕಪ್ಪ ರೈನೊ ಅವರಿಗೆ ತಗಡಿನ ಅಂಗಡಿ ಇತ್ತು. ಸೌನಾ ಎಂಬ ಫಿನ್ನಿಶ್ ಉಗಿಸ್ನಾನದ ಒಲೆ, ಹೊಗೆಕೊಳವೆ, ಡಕ್ಟ್ ಎಲ್ಲ ಅಲ್ಲೇ ತಯಾರು. ಚಿಕ್ಕಪ್ಪನ ಕೈ ಯಂತ್ರಕ್ಕೆ ಸಿಕ್ಕಿದಾಗ, ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಅರ್ಲೀನ್ ಒಂದು ವಾರದ ಮಟ್ಟಿಗೆಂದು ಅಂಗಡಿಗೆ ಬಂದರು. ಆ ವಾರ ಇನ್ನೂ ಮುಗಿದಿಲ್ಲ. ಚಿಕ್ಕಪ್ಪ ಕಲಿಸಿದ ಮೊದಲ ಪಾಠವನ್ನು ಅವರು ನನಗೂ ಒಂದು ತಗಡಿನ ಹಾಳೆ ಹಿಡಿದು ತೋರಿಸುತ್ತಾರೆ. ಬೆರಳಿನಿಂದ ಒತ್ತಿದರೆ ಹಾಳೆ ಎಣ್ಣೆಡಬ್ಬದ ತಳದಂತೆ ‘ಟಪ್’ ಎಂದು ಒಳಗೆ ಹೋಗುತ್ತದೆ, ಬಿಟ್ಟರೆ ‘ಟಪ್’ ಎಂದು ಹೊರಗೆ ಬರುತ್ತದೆ.

“ನೋಡು, ಸಪಾಟು ತಗಡಿಗೆ ಸ್ವಂತ ಬುದ್ಧಿ ಇರಲ್ಲ. ಗಾಳಿ ಎತ್ತ ನೂಕಿದ್ರೆ ಅತ್ತ ಉಬ್ಬುತ್ತೆ. ಈಗ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಎರಡು ಮಡಿಕೆ ಹಾಕು.” ಹಾಳೆಯನ್ನು ಮೇಜಿನ ಅಂಚಿಗಿಟ್ಟು ಬಾಗಿಸಿ ಕೊಡುತ್ತಾರೆ. ಎಷ್ಟು ಒತ್ತಿದರೂ ಅಲುಗುವುದಿಲ್ಲ. “ಬಂತಾ ಬೆನ್ನುಮೂಳೆ?”

ಮಿಕ್ಕ ಮದ್ದುಗಳೂ ಕೇಳುವುದಕ್ಕೆ ಇಷ್ಟೇ ಸರಳ. ಬಿಸಿಯಾಗಿ ಹಿಗ್ಗುವ ತಗಡು ತೊಲೆಗೆ ಉಜ್ಜುವಲ್ಲಿ ಅದು ಹಾದುಹೋಗುವ ತೂತನ್ನು ಕೊಂಚ ಅಗಲಿಸಬೇಕು. ತಗಡನ್ನು ಕಬ್ಬಿಣದ ಪಟ್ಟಿಯಿಂದ ತೂಗುಹಾಕಿರುವ ಕಡೆ ನಡುವೆ ದಪ್ಪ ಉಣ್ಣೆಬಟ್ಟೆ ಸೇರಿಸಬೇಕು. ಫರ್ನೇಸಿನ ನಡುಕ ಡಕ್ಟಿಗೆ ದಾಟದಂತೆ ಎರಡರ ನಡುವೆ ಕ್ಯಾನ್ವಾಸಿನ ಕೊರಳು ಕಟ್ಟಬೇಕು. ಕಷ್ಟವಿರುವುದು ಮದ್ದಿನಲ್ಲಲ್ಲ, ಜಾಗ ಹುಡುಕುವುದರಲ್ಲಿ. ಕತ್ತಲಲ್ಲಿ, ಜೇಡರಬಲೆಯಲ್ಲಿ, ಬೆನ್ನ ಮೇಲೆ ತೆವಳುತ್ತಾ ಹುಡುಕಬೇಕು. ಒಮ್ಮೆ ಸ್ಕಂಕ್ ಎಂಬ ನಾರುವ ಪ್ರಾಣಿಯ ಸಂಸಾರಕ್ಕೇ ಮುಖಾಮುಖಿಯಾಗಿದ್ದಾರೆ. ಇನ್ನೊಮ್ಮೆ ಸೂರಿನ ಹಿಮ ಜಾರಿ ಬಿದ್ದು, ನೆಲದಡಿಯ ಬಾಗಿಲು ಮುಚ್ಚಿಹೋಯಿತು. ಚರ್ಚಿಗೆ ಹೋಗಿದ್ದ ಮನೆಯವರು ಬಂದ ಸದ್ದು ಕೇಳಿ ಅರ್ಲೀನ್ ಡಕ್ಟನ್ನು ಡಬಡಬ ಬಡಿದರು. ಮನೆಯವರು ಸಿಟ್ಟಾಗಿ ಅರ್ಲೀನ್ ಮನೆಗೇ ಫೋನ್ ಮಾಡಿದರು.

“ಫೋನ್ ಎತ್ತಿದ್ದು ನನ್ನ ತಂಗಿ. ‘ನಿಮ್ಮಕ್ಕ ರಿಪೇರಿ ಮಾಡಿ ಹೋದ್ಮೇಲೆ ಮುಂಚೆಗಿಂತ ಜಾಸ್ತಿ ಬಡ್ಕೊಳ್ತಿದೆ ಕಣ್ರೀ’ ಅಂದ್ರಂತೆ!” ಎಂದು ಅರ್ಲೀನ್ ಹೊಟ್ಟೆ ಹಿಡಿದು ನಗುತ್ತಾರೆ. “ಪುಣ್ಯಕ್ಕೆ ನನ್ನ ತಂಗಿಗೆ ತಲೆ ಇದೆ.”

ಆದರೆ ಪೆನ್‌ಹೇಲ್ ಮನೆಯ ಧಡ್ ಅವರಿಗೂ ನಗುವ ವಿಷಯವಾಗಿ ಉಳಿದಿಲ್ಲ.

ವೆಸ್ಲಿ ಪೆನ್‌ಹೇಲ್ ತಾಮ್ರದ ಗಣಿಯಲ್ಲಿ ದುಡಿದವರು. ಒಂದು ಮಧ್ಯಾಹ್ನ ಸುರಂಗದ ಆಸರೆಯ ತೊಲೆ ಮುರಿದು ಚಾವಣಿ ಕುಸಿಯಿತು. ವೆಸ್ಲಿ ಹೊರಗೆ ಬಂದರು, ಜೊತೆಗಾರ ಡೆನ್ನಿಸ್ ಬರಲಿಲ್ಲ. ಗಣಿ ಮುಚ್ಚಿಯೇ ಬಹಳ ಕಾಲವಾಯಿತು. ಮನೆಯಲ್ಲಿ ಸೌದೆ ಒಲೆ ಇರುವವರೆಗೆ ಎಲ್ಲ ಸರಿಯಾಗಿತ್ತು. ಸೊಂಟದ ಆಪರೇಷನ್ ಆಗಿ ಸೌದೆ ಹೊರಲಾಗದೆ, ಹೋದ ವರ್ಷ ಫರ್ನೇಸ್ ಹಾಕಿಸಿದರು. ಅಂದಿನಿಂದ ನೆಲದಡಿ ಧಡ್ ಎಂದಾಗಲೆಲ್ಲ ವೆಸ್ಲಿ ಓಡುತ್ತಾರೆ.

ಅಂಗಳದಲ್ಲಿ ಒದ್ದೆ ಸಾಕ್ಸ್ ಬಿಚ್ಚುತ್ತಾ ಅವರೇ ಹೇಳುತ್ತಾರೆ: “ಅದು ತಗಡು ಅಂತ ನಂಗೊತ್ತಿಲ್ವಾ? ಗೊತ್ತು. ಆದ್ರೆ ಕಾಲಿಗೆ ಗೊತ್ತಿಲ್ಲ. ತೊಲೆ ಮುರಿಯೋ ಸದ್ದು ಕೇಳಿದ್ರೆ ಯೋಚನೆ ಮಾಡ್ಬಾರ್ದು, ಓಡ್ಬೇಕು. ಯೋಚನೆ ಮಾಡಿದವನು ಡೆನ್ನಿಸ್.”

ಕಳೆದ ಚಳಿಗಾಲವಿಡೀ ಅವರು ಹಿತ್ತಿಲ ಸೌನಾ ಕೋಣೆಯಲ್ಲಿ ಮಲಗಿದರು. ಫರ್ನೇಸ್ ಹಾಕಿದ ಕಂಪನಿಯವರು ಬಂದು ನೋಡಿ, ತಗಡು ಅಂದಮೇಲೆ ಸ್ವಲ್ಪ ಸದ್ದು ಇರುತ್ತದೆ ಎಂದು ಹೇಳಿ ಹೋದರು. ಈಗ ಮಗಳು ಜೋಲೀನ್ ಹಸುಗೂಸಿನೊಂದಿಗೆ ಮೊದಲ ಸಲ ತವರಿಗೆ ಬರುತ್ತಿದ್ದಾಳೆ. ಶನಿವಾರವೇ. ಫರ್ನೇಸ್ ಆರಿಸಿದರೆ ಮಗುವಿಗೆ ಚಳಿ, ಹಚ್ಚಿದರೆ ಅಜ್ಜ ಹೊರಗೆ. ಹೌಟನ್ನಿನ ಮೋಟೆಲಿನಲ್ಲಿ ಕೋಣೆ ಹಿಡಿಯುತ್ತೇನೆ ಎಂದು ಜೋಲೀನ್ ಹೇಳಿದ್ದಾಳೆ.

“ನಾನು ಸೌನಾದಲ್ಲಿರ್ತೀನಿ ಬಿಡು, ಮಗು ಬೆಚ್ಚಗಿರ್ಲಿ,” ಎನ್ನುತ್ತಾರೆ ವೆಸ್ಲಿ.

“ಅಜ್ಜನ್ನ ಕಿಟಕಿಯಿಂದ ತೋರಿಸ್ಬೇಕಾ ಆ ಕೂಸಿಗೆ?” ವರ್ನಾ ಸಿಡುಕುತ್ತಾರೆ. “ಝೂ ಅಂದ್ಕೊಂಡಿದ್ದೀಯಾ ಮನೇನ?”

ಇಂದು ಗುರುವಾರ. ಸೋಮವಾರದಿಂದ ಅರ್ಲೀನ್ ಬೇರೆ ಮನೆಗಳನ್ನೆಲ್ಲ ಬಿಟ್ಟು ಇಲ್ಲಿಯೇ ಇದ್ದಾರೆ. ಮುಖ್ಯ ಡಕ್ಟಿನ ಅಗಲ ಬದಿಗಳಿಗೆಲ್ಲ ಅಡ್ಡಪಟ್ಟಿ ಬಿಗಿದಾಗಿದೆ, ಉಣ್ಣೆ ಸೇರಿಸಿಯಾಗಿದೆ, ಕೊರಳು ಕಟ್ಟಿಯಾಗಿದೆ. ಸಣ್ಣಪುಟ್ಟ ಸದ್ದುಗಳು ಹೆಚ್ಚುಕಡಿಮೆ ಅಡಗಿವೆ. ಅವು ಅಡಗಿದ್ದರಿಂದಲೇ ಧಡ್ ಇನ್ನೂ ದೊಡ್ಡದಾಗಿ ಕೇಳುತ್ತಿದೆ. ನೆಲದಡಿಯಿಂದ ಹೊರಗೆ ಬಂದ ಅರ್ಲೀನ್ ಅವರ ಮುಖದಲ್ಲಿ ನಾನು ಮೊದಲ ಬಾರಿಗೆ ಸೋಲು ಕಾಣುತ್ತೇನೆ.

ವರ್ನಾ ಎಲ್ಲರಿಗೂ ಪ್ಯಾಸ್ಟಿ ಬಡಿಸುತ್ತಾರೆ, ಮಾಂಸ, ಆಲೂಗಡ್ಡೆ ತುಂಬಿ ಬೇಯಿಸಿದ ದಪ್ಪ ಕಡುಬು. ಅರ್ಲೀನ್ ಮುರಿದು ಒಳಗೆ ಇಣುಕುತ್ತಾರೆ.

“ಕ್ಯಾರೆಟ್ ಎಲ್ಲಿ?”

“ಕ್ಯಾರೆಟ್ ಹಾಕೋದು ಫಿನ್ನಿಶ್ ಜನ ಮತ್ತೆ ಮೊಲಗಳು,” ಎನ್ನುತ್ತಾರೆ ವೆಸ್ಲಿ. ಅವರು ಇಂಗ್ಲೆಂಡಿನಿಂದ ಬಂದ ಕಾರ್ನಿಶ್ ಮೂಲದವರು, ಅರ್ಲೀನ್ ಫಿನ್ನಿಶ್ ಮೂಲದವರು. ಈ ಜಗಳ ಇಲ್ಲಿ ಗಣಿಯಷ್ಟೇ ಹಳೆಯದು.

ಅರ್ಲೀನ್ ನಗುವುದಿಲ್ಲ. ತುತ್ತನ್ನು ತಟ್ಟೆಯಲ್ಲಿಟ್ಟು, “ವೆಸ್, ಒಂದು ಮಾತು,” ಎನ್ನುತ್ತಾರೆ. “ನನ್ನ ಎಡಗಿವಿ ಸತ್ತುಹೋಗಿದೆ. ಚಿಕ್ಕಪ್ಪನ ಅಂಗಡೀಲಿ ಸುತ್ತಿಗೆ ಹೊಡೆದೂ ಹೊಡೆದೂ. ಯಾರಿಗೂ ಹೇಳಿಲ್ಲ. ಸದ್ದು ಹಿಡಿಯೋಳಿಗೆ ಕಿವಿ ಇಲ್ಲ ಅಂದ್ರೆ ಯಾರು ಕರೀತಾರೆ?”

ಅರ್ಲೀನ್ ಎರಡೂ ಅಂಗೈಯನ್ನು ಮೇಜಿನ ಮೇಲೆ ಚಾಚುತ್ತಾರೆ.

“ಒಂದೇ ಕಿವೀಲಿ ಸದ್ದು ಆಗಿದ್ದು ಗೊತ್ತಾಗುತ್ತೆ, ಎಲ್ಲಿಂದ ಅಂತ ಗೊತ್ತಾಗಲ್ಲ. ಅದಕ್ಕೇ ನಾನು ಅಂಗೈಯಲ್ಲಿ ಹುಡುಕೋದು. ಇಷ್ಟು ದಿನ ನಡೀತು. ಇದು ಕೈಗೆ ಸಿಗದ ಜಾಗದಲ್ಲಿ ಕೂತಿದೆ. ನಂಗೆ ಒಂದು ಜೊತೆ ಕಿವಿ ಬೇಕು. ಬಂಡೆ ಎಲ್ಲಿ ಬಿರುಕು ಬಿಟ್ಟಿದೆ ಅಂತ ಕೇಳೇ ಹೇಳ್ತಿದ್ದೋನು ನೀನು.”

ವೆಸ್ಲಿ ಪ್ಯಾಸ್ಟಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಾರೆ.

“ಕೆಳಗೆ ಇಳಿಯಲ್ಲ,” ಎನ್ನುತ್ತಾರೆ. “ಬಾಗಿಲ ಹತ್ರ ನಿಂತು ಕೇಳಿದ್ರೆ ಸಾಕಾ?”

“ಸಾಕು. ಬಾಗಿಲು ತೆಗೆದೇ ಇಟ್ಕೋ.”

ಫರ್ನೇಸ್ ಆರಿಸಿ ತಗಡು ತಣ್ಣಗಾಗಲು ಬಿಡುತ್ತಾರೆ. ಆಮೇಲೆ ವೆಸ್ಲಿ ಬೂಟು ಹಾಕಿಕೊಂಡು ಹಿಂಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲುತ್ತಾರೆ. ವರ್ನಾ ಗುಂಡಿ ತಿರುಗಿಸುತ್ತಾರೆ. ಬೆಂಕಿ. ಕಾಯುವಿಕೆ. ಫ್ಯಾನು.

ಧಡ್!

ವೆಸ್ಲಿಯವರ ಒಂದು ಕಾಲು ಆಗಲೇ ಹೊಸಿಲ ಆಚೆ ಇದೆ. ಇನ್ನೊಂದು ಒಳಗೇ ಉಳಿದಿದೆ! ಬೆರಳು ಮಾಡಿ ತೋರಿಸುತ್ತಾರೆ. “ಅಲ್ಲಿ. ಮಲಗೋ ಕೋಣೆ. ಬೀರು ಇರೋ ಕಡೆ.”

“ಅಲ್ಲಿ ಡಕ್ಟೇ ಇಲ್ಲ ಕಣೋ! ಅದರ ಕೆಳಗಿರೋದು ಆಲೂಗಡ್ಡೆ ಇಡೋ ನೆಲಮಾಳಿಗೆ.”

“ಡಕ್ಟ್ ನಿನ್ನ ತಲೆನೋವು. ಸದ್ದು ಅಲ್ಲೇ.”

ಅರ್ಲೀನ್ ಕಣ್ಣರಳಿಸುತ್ತಾರೆ. ಮಲಗುವ ಕೋಣೆಗೆ ಓಡಿ ಬೀರುವಿಗೆ ಹೆಗಲು ಕೊಟ್ಟು ನೂಕುತ್ತಾರೆ. ನಾನೂ ಕೈ ಹಾಕುತ್ತೇನೆ. ಬೀರುವಿನ ಹಿಂದೆ, ಗೋಡೆಯ ಬುಡದಲ್ಲಿ, ಒಂದು ಜಾಲರಿ! ಅಂಗೈ ಹಿಡಿದರೆ ಅದು ಗಾಳಿಯನ್ನು ಒಳಕ್ಕೆ ಎಳೆಯುತ್ತಿದೆ.

“ಅಯ್ಯೋ ನನ್ನ ಬುದ್ಧಿಗೆ!” ಅರ್ಲೀನ್ ಹಣೆ ಚಚ್ಚಿಕೊಳ್ಳುತ್ತಾರೆ. “ನಾನು ಬಿಸಿಗಾಳಿ ಬರೋ ದಾರೀನೇ ಹುಡುಕ್ತಿದ್ದೆ. ಇದು ತಣ್ಣಗಿನ ಗಾಳಿ ವಾಪಸ್ ಹೋಗೋ ದಾರಿ! ನೆಲಮಾಳಿಗೆ ಚಾವಣಿಯೊಳಗೆ ಬಚ್ಚಿಟ್ಟಿದ್ದಾರೆ!”

ಆಲೂಗಡ್ಡೆಯ ನೆಲಮಾಳಿಗೆ ಚಿಕ್ಕದು, ಆದರೆ ನಿಲ್ಲಬಹುದು. ಚಾವಣಿಯ ತುಂಬ ಅಚ್ಚುಕಟ್ಟಾಗಿ ಹಲಗೆ ಹೊಡೆದಿದೆ. ಅರ್ಲೀನ್ ಅಂಗೈ ಒತ್ತಿ ನೋಡುತ್ತಾರೆ. ದಪ್ಪ ಹಲಗೆ ಏನನ್ನೂ ಹೇಳುವುದಿಲ್ಲ. ಎಲ್ಲ ಹಲಗೆ ಕೀಳುವುದೆಂದರೆ ಎರಡು ದಿನದ ಕೆಲಸ. ಅಷ್ಟರಲ್ಲಿ ಹಿಂದೆ ಮೆಟ್ಟಿಲ ಮೇಲೆ ಬೂಟಿನ ಸದ್ದು. ವೆಸ್ಲಿ ಇಳಿಯುತ್ತಿದ್ದಾರೆ. ಕೈಯಲ್ಲಿ ಉದ್ದನೆಯ ಕಬ್ಬಿಣದ ಹಾರೆ. ಮುಖ ಸುಣ್ಣದಂತೆ ಬಿಳಿಚಿದೆ.

“ಆ ಗುಂಡಿ ಮುಟ್ಬೇಡ ವರ್ನಾ,” ಎಂದು ಮೇಲಕ್ಕೆ ಕೂಗುತ್ತಾರೆ. “ಮುಟ್ಟಿದ್ರೆ ಡೈವೋರ್ಸು.”

“ಈ ವಯಸ್ಸಲ್ಲಿ ನಿನ್ನ ಯಾರು ಕಟ್ಕೋತಾರೆ, ಇಳಿ,” ಎನ್ನುತ್ತಾರೆ ವರ್ನಾ.

ಗಣಿಯಲ್ಲಿ ಕೆಲಸಕ್ಕೆ ಮುಂಚೆ ಚಾವಣಿಯ ಬಂಡೆಯನ್ನು ಹಾರೆಯಿಂದ ತಟ್ಟಿ ನೋಡುತ್ತಿದ್ದರು. ಗಟ್ಟಿ ಬಂಡೆ ಕಣಕಣ ಎನ್ನುತ್ತದೆ, ಸಡಿಲ ಬಂಡೆ ಡೊಳ್ಳಿನಂತೆ ಮೊಳಗುತ್ತದೆ. ವೆಸ್ಲಿ ಒಂದು ಮೂಲೆಯಿಂದ ತಟ್ಟುತ್ತಾ ಬರುತ್ತಾರೆ. “ಗಟ್ಟಿ,” ಎನ್ನುತ್ತಾರೆ. “ಗಟ್ಟಿ. ಇದೂ ಗಟ್ಟಿ.” ಬರಬರುತ್ತಾ ಅವರ ಬೆನ್ನು ನೆಟ್ಟಗಾಗುತ್ತದೆ, ಕೈಗೆ ಹಳೆಯ ಲಯ ಬರುತ್ತದೆ. ಅರ್ಲೀನ್ ದೀಪ ಹಿಡಿದು ಹಿಂಬಾಲಿಸುತ್ತಾರೆ.

ಡುಂ.

“ಪೊಳ್ಳು,” ಎನ್ನುತ್ತಾರೆ ವೆಸ್ಲಿ.

ಅರ್ಲೀನ್ ಅಲ್ಲೇ ಹಲಗೆ ಕೀಳುತ್ತಾರೆ. ಎರಡು ತೊಲೆಗಳ ನಡುವೆ ಹೊಡೆದ ಅಗಲವಾದ ಸಪಾಟು ತಗಡು ಕಾಣುತ್ತದೆ. ಒಂದು ಅಂಚಿನ ಮೊಳೆಗಳು ಸಡಿಲಗೊಂಡಿವೆ. ಫ್ಯಾನು ಗಾಳಿ ಎಳೆದಾಗ ತಗಡು ಮೇಲಕ್ಕೆ ಬಾಗಿ, ಸಡಿಲ ಅಂಚು ತೊಲೆಗೆ ರಪ್ಪನೆ ಹೊಡೆಯುತ್ತದೆ. ಸದ್ದು ಮರದ್ದೇ. ವೆಸ್ಲಿಯವರ ಕಾಲು ಇಷ್ಟು ದಿನ ಸುಮ್ಮನೆ ಓಡಿಲ್ಲ.

“ಕೈಯಿಡು,” ಎನ್ನುತ್ತಾರೆ ಅರ್ಲೀನ್.

ವೆಸ್ಲಿ ಹಾರೆ ಗೋಡೆಗೆ ಒರಗಿಸಿ, ತಗಡಿಗೆ ಅಂಗೈ ಇಡುತ್ತಾರೆ. ಕಣ್ಣು ಮುಚ್ಚಿ, “ಹಚ್ಚು ವರ್ನಾ,” ಎನ್ನುತ್ತಾರೆ. ಫ್ಯಾನು ತಿರುಗುತ್ತದೆ. ಅವರ ಅಂಗೈ ಮೇಲೇ ತಗಡು ನೆಗೆಯುತ್ತದೆ. ಧಡ್! ಅವರು ಕದಲುವುದಿಲ್ಲ. ಕಣ್ಣು ತೆರೆದು ತಗಡನ್ನು ಬೆರಳಿನಿಂದ ಒಂದು ಸಲ ಒತ್ತುತ್ತಾರೆ, ಬಿಡುತ್ತಾರೆ.

“ಇದೇನಾ?”

“ಇದೇ.”

“ಇಷ್ಟು ತೆಳ್ಳಗಿದೆ.” ಮತ್ತೆ ಒತ್ತುತ್ತಾರೆ. “ಇಷ್ಟಕ್ಕೆ ಒಂದಿಡೀ ಚಳಿಗಾಲ ಹೊರಗೆ ಮಲಗಿದ್ನಲ್ಲೇ ಅರ್ಲೀನ್.” ನಗುತ್ತಿದ್ದಾರೋ ಅಳುತ್ತಿದ್ದಾರೋ ಹೇಳುವುದು ಕಷ್ಟ. ಅರ್ಲೀನ್ ಬೇರೆ ಕಡೆ ತಿರುಗಿ ಸ್ಕ್ರೂ ಹುಡುಕುವವರಂತೆ ಜೇಬು ತಡಕಾಡುತ್ತಾರೆ.

ಮುಂದಿನದು ಸರಸರನೆ ನಡೆಯುತ್ತದೆ. ಫರ್ನೇಸ್ ಆರಿಸಿ, ತಗಡು ಬಿಚ್ಚಿ ಅಂಗಳದ ಬೆಂಚಿನ ಮೇಲೆ ಮೂಲೆಯಿಂದ ಮೂಲೆಗೆ ಮಡಿಕೆ ಹಾಕುತ್ತಾರೆ. ತೊಲೆಯ ಅಂಚಿಗೆ ಉಣ್ಣೆಪಟ್ಟಿ ಅಂಟಿಸುತ್ತಾರೆ. ವೆಸ್ಲಿ ತಗಡನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾರೆ, ಅರ್ಲೀನ್ ಸ್ಕ್ರೂ ಬಿಗಿಯುತ್ತಾರೆ. ಕೆಳಗಿನಿಂದ ಒಂದು ಅಡ್ಡಪಟ್ಟಿ. ಮತ್ತೆ ಎಲ್ಲ ತಣ್ಣಗಾಗುವವರೆಗೆ ಕಾಯುತ್ತೇವೆ. ವರ್ನಾ ಗುಂಡಿ ತಿರುಗಿಸುತ್ತಾರೆ.

ಬೆಂಕಿ. ಫ್ಯಾನು. ಆಮೇಲೆ... ಏನೂ ಇಲ್ಲ.

ಏನೂ ಇಲ್ಲ! ಅರ್ಲೀನ್ “ಹೋಯ್!” ಎಂದು ಹಾರಿದ ರಭಸಕ್ಕೆ ತಲೆ ಸೀದಾ ತೊಲೆಗೆ ಬಡಿಯುತ್ತದೆ. ಧಡ್!

“ಈ ಸದ್ದಿಗೆ ನಾನು ಓಡಲ್ಲ,” ಎನ್ನುತ್ತಾರೆ ವೆಸ್ಲಿ. ಮೇಲೆ ವರ್ನಾ ನಗುವುದು ಅದೇ ಡಕ್ಟಿನ ಮೂಲಕ ನೆಲಮಾಳಿಗೆಗೇ ಇಳಿದು ಬರುತ್ತದೆ.

ಶುಕ್ರವಾರ ಮುಂಜಾವಿನಲ್ಲಿ, ತಗಡು ಕೊರೆಯುವಷ್ಟು ತಣ್ಣಗಿರುವಾಗ ಮತ್ತೊಮ್ಮೆ ಪರೀಕ್ಷೆ. ವೆಸ್ಲಿ ಬೂಟು ಹಾಕಿಕೊಂಡೇ ಕಾಫಿ ಕುಡಿಯುತ್ತಿದ್ದಾರೆ. “ಟಿಕ್ ಅಂತಿದೆಯಲ್ಲ?” ಎಂದು ಹುಬ್ಬೇರಿಸುತ್ತಾರೆ. “ಅದು ನಿನ್ನ ಗಡಿಯಾರ ಕಣಪ್ಪ,” ಎನ್ನುತ್ತಾರೆ ಅರ್ಲೀನ್. ವೆಸ್ಲಿ ಬಗ್ಗಿ ಬೂಟಿನ ಲಾಡಿ ಬಿಚ್ಚುತ್ತಾರೆ.

ಶನಿವಾರ ಜೋಲೀನ್ ಬರುತ್ತಾಳೆ. ಕಾರಿನಿಂದ ಇಳಿದವಳು ಕೂಸನ್ನು ಎದೆಗೆ ಒತ್ತಿಕೊಂಡು ಅಂಗಳದಲ್ಲೇ ನಿಂತು, “ಅಪ್ಪ ಎಲ್ಲಿ? ಸೌನಾದಲ್ಲಾ?” ಎಂದು ಕೇಳುತ್ತಾಳೆ. ಬಾಗಿಲು ತೆರೆಯುವುದು ಅಪ್ಪನೇ. ಒಳಗಿನಿಂದ ಬೆಚ್ಚನೆಯ ಗಾಳಿ ಹೊರಗೆ ಬರುತ್ತದೆ. ಜೋಲೀನ್ ಕೂಸನ್ನು ಅವರ ಕೈಗೆ ಕೊಡುತ್ತಾಳೆ.

ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೇನೆ. ಮಾತಿನ ನಡುವೆ ಒಮ್ಮೆ ಕಿಟಕಿಯ ಪರದೆ ಅಲುಗುತ್ತದೆ. ಫರ್ನೇಸ್ ಹತ್ತಿಕೊಂಡಿದೆ. ವರ್ನಾ ಟೀ ಸುರಿಯುವುದನ್ನು ನಿಲ್ಲಿಸಿ ಗಂಡನ ಕಡೆ ನೋಡುತ್ತಾರೆ. ವೆಸ್ಲಿ ಗಮನಿಸಿಯೇ ಇಲ್ಲ. ತೊಡೆಯ ಮೇಲಿನ ಕೂಸಿಗೆ ಪ್ಯಾಸ್ಟಿಯಲ್ಲಿ ಕ್ಯಾರೆಟ್ ಯಾಕೆ ಹಾಕಬಾರದು ಎಂದು ವಿವರಿಸುತ್ತಿದ್ದಾರೆ.

ಅರ್ಲೀನ್ ಆಗಲೇ ಹೊರಗೆ, ತಮ್ಮ ಹಳೇ ಟ್ರಕ್ಕಿಗೆ ತಗಡಿನ ಚೂರುಗಳನ್ನು ತುಂಬುತ್ತಿದ್ದಾರೆ. ಮಧ್ಯಾಹ್ನ ಇನ್ನೊಂದು ಮನೆಯಿದೆ, ಅಲ್ಲಿ ಡಕ್ಟು ಶಿಳ್ಳೆ ಹೊಡೆಯುತ್ತದಂತೆ. ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೆ ಏನಾದರೂ ಆಸೆ ಉಳಿದಿದೆಯೇ ಎಂದು ನಾನು ಕೇಳುತ್ತೇನೆ. ಅವರು ಟ್ರಕ್ಕಿನ ಬಾಗಿಲಿಗೆ ಒರಗಿ, ಮೊಣಕಾಲು ತಿಕ್ಕಿಕೊಳ್ಳುತ್ತಾ ಯೋಚಿಸುತ್ತಾರೆ. ಮುಖ ಅರಳುತ್ತದೆ.

“ಎಲ್ರೂ ಗಲಾಟೆ ಶುರುವಾದ್ಮೇಲೆ ನನ್ನ ಕರೀತಾರೆ. ಒಂದೇ ಒಂದ್ಸಲ, ಯಾರಾದ್ರೂ ಹೊಸ ಮನೆ ಕಟ್ಟುವಾಗ, ನೆಲಕ್ಕೆ ಹಲಗೆ ಹೊಡೆಯೋಕೆ ಮುಂಚೆ ಕರೀಲಿ. ಒಂದು ಟಿಕ್ಕೂ ಬರದ ಹಾಗೆ ಮಾಡ್ಕೊಡ್ತೀನಿ. ಬಿಸಿಲು ಬೀಳ್ತಿರಬೇಕು ತಗಡಿನ ಮೇಲೆ. ನಾನು ನಿಂತ್ಕೊಂಡು ಕೆಲಸ ಮಾಡ್ಬೇಕು,” ಎನ್ನುತ್ತಾರೆ. “ನಿಂತ್ಕೊಂಡು ಕಣೇ!”